ಫಿಂಟಾಸ್ ಮನೆಯ ತಗಡಿನ ದೋಣಿ

ಕೊಲ್ಲಿ ದೇಶದ ಶುಐಬಾದಲ್ಲಿ ಶೆಡ್ಡುಗಳಿಗೆ ತಗಡು ಹಾಕುತ್ತಿದ್ದ ಆ ಮನುಷ್ಯ ನಮ್ಮ ಚಿಕ್ಕಮ್ಮನ ಹಿಂದೆ ಬಿದ್ದಿದ್ದ ಎಂದು ಮನೆಯವರೆಲ್ಲ ಹೇಳುತ್ತಾರೆ. ಸಾಕ್ಷಿ ಎಲ್ಲಿದೆ? ನಾನು ಕಂಡದ್ದೇ ಬೇರೆ.

ಮದುವೆಯಾಗದ ನರ್ಸ್ ಚಿಕ್ಕಮ್ಮ ಫಿಂಟಾಸ್‌ನಲ್ಲಿ ಶೀಟು ಹೊದಿಸಿದ ಔಟ್‌ಹೌಸೊಂದನ್ನು ಬಾಡಿಗೆಗೆ ಹಿಡಿದಿದ್ದರು. ಮಾಡು ಸೋರುತ್ತದೆ ಎಂದು ಫೋನ್ ಮಾಡಿ ಆ ತಗಡಿನವರನ್ನು ಕರೆಸಿದ್ದು ಚಿಕ್ಕಮ್ಮನೇ. ಎರಡು ಇಳಿಜಾರುಗಳು ಕೂಡುವ ಸಂದಿಗೆ ಅವರು ಮಳೆನೀರು ಹರಿದುಹೋಗಲು ತಗಡಿನ ದೋಣಿ ಕೂರಿಸಿದರು. ಅಂಚು ಮಡಚಿದಾಗಲೆಲ್ಲ, ಮಗುವಿನ ಹುಬ್ಬು ತೀಡಿದಂತೆ ಅದರ ಮೇಲೆ ಹೆಬ್ಬೆರಳು ಎಳೆಯುತ್ತಿದ್ದರು.

“ಬೇಗ ಮುಗಿಸಿ ಮಾರಾಯ್ರೆ, ಬಿಸಿಲು ಏರ್ತಾ ಉಂಟು!” ಎಂದು ಚಿಕ್ಕಮ್ಮ ಕೆಳಗಿನಿಂದ ಗದರಿದರೆ, “ನೀರಿಗೆ ದಾರಿ ಬೇಕಲ್ಲ ಸಿಸ್ಟರ್,” ಎನ್ನುವುದೊಂದೇ ಉತ್ತರ.

ಕೊನೆಗೆ ಪರೀಕ್ಷೆಗೆಂದು ಮೇಲಿನಿಂದ ಬಕೆಟ್ ನೀರು ಸುರಿದರು. ಒಳಗೆ ಚಿಕ್ಕಮ್ಮ ಅಂಗೈ ಚಾಚಿ ನಿಂತಿದ್ದರು. ಒಂದು ಹನಿಯೂ ಬೀಳಲಿಲ್ಲ.

“ಖಲಾಸ್ ಸಿಸ್ಟರ್, ಇನ್ನು ನನ್ನನ್ನು ಕರೆಯುವ ಕೆಲಸ ಇಲ್ಲ. ಶುಕ್ರವಾರ ಊರಿಗೆ ಹೊರಟೆ, ಮತ್ತೆ ಬರುದಿಲ್ಲ,” ಎಂದರು ಏಣಿ ಇಳಿದು. ಚಿಕ್ಕಮ್ಮ ಬಾಗಿಲಿಗೆ ಬಂದರು. ಚಾಚಿದ ಕೈ ಮಾತ್ರ ಹಾಗೇ ಇತ್ತು.

ಏಣಿ ಹೊತ್ತು ಅವರು ಗೇಟಿನತ್ತ ನಡೆಯುತ್ತಿದ್ದಾಗ ನಾನು ಕೇಳಿದೆ: “ಚಿಕ್ಕಮ್ಮ, ನೀವು ಈ ಮನೆಗೆ ಬಂದ ಮೇಲೆ ಮಳೆಯೇ ಬಂದಿಲ್ಲ. ಮಾಡು ಸೋರ್ತದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?”