ಸಲ್ವಾದ ಡಿಮ್‌ಸಮ್ ಆಂಟಿ

ಆಂಟಿಯ ಬೆರಳ ತುದಿಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಹಬೆಯಾಡುವ ಬಿದಿರಿನ ಬುಟ್ಟಿಗಳನ್ನು ವರ್ಷಗಟ್ಟಲೆ ಬರಿಗೈಯಲ್ಲಿ ಎತ್ತಿ ಎತ್ತಿ ಚರ್ಮ ನುಣ್ಣಗಾಗಿ ಹೊಳೆಯುತ್ತಿತ್ತು. ಬೆರಳಚ್ಚು ಕೊಡಲು ಹೋದಾಗ ಯಂತ್ರ ಅವರನ್ನು ಒಪ್ಪಲೇ ಇಲ್ಲವಂತೆ. "ಮೆಷೀನಿನ ಲೆಕ್ಕದಲ್ಲಿ ನಾನು ಹುಟ್ಟೇ ಇಲ್ಲ, ಸಿಸ್ಟರ್," ಎಂದು ನಕ್ಕಿದ್ದರು.

ಕುವೈತಿನ ಸಲ್ವಾದಲ್ಲಿ, ನಮ್ಮ ಕಟ್ಟಡದ ಹಿಂದಿನ ಬೀದಿಯಲ್ಲಿ ಅವರ ಸಣ್ಣ ಹೋಟೆಲು; ಡಿಮ್‌ಸಮ್ ಎಂಬ ಹಬೆಯಲ್ಲಿ ಬೇಯಿಸಿದ ಚೀನೀ ತಿಂಡಿಗಳದ್ದು. ಗಂಡ ಹೆಂಡತಿ ಇಬ್ಬರೂ ಚೀನಾದ ಕ್ಯಾಂಟನ್ ಕಡೆಯವರು. ಅಡುಗೆಮನೆಯಲ್ಲಿ ಆಂಟಿ, ಗಲ್ಲಾದಲ್ಲಿ ಮಾತೇ ಆಡದ ಅಂಕಲ್. ನಾನು ನರ್ಸ್ ಆದ್ದರಿಂದ ಅವರಿಗೂ ಸಿಸ್ಟರೇ. ನಮ್ಮ ಮಾತು ಮುರುಕು ಇಂಗ್ಲಿಷಿನಲ್ಲಿ, ನಡುವೆ ಒಂದಿಷ್ಟು ಅರಬ್ಬಿ; ಇಲ್ಲಿ ಬರೆದಿರುವ ಕನ್ನಡ ನನ್ನದು.

ನನ್ನ ಗಂಡ ತೈಲಬಾವಿಯ ಕ್ಯಾಂಪಿನಲ್ಲಿ, ಮಗಳು ಮಂಗಳೂರಿನ ಹಾಸ್ಟೆಲಿನಲ್ಲಿ. ಶುಕ್ರವಾರ ಬೆಳಿಗ್ಗೆ ಡ್ಯೂಟಿ ಮುಗಿಸಿ ಬಂದರೆ ಫ್ಲ್ಯಾಟಿನ ಬೀಗ ತೆಗೆಯುವುದೂ ಬೇಡವೆನಿಸುತ್ತಿತ್ತು. ಒಮ್ಮೆ ಆ ಬೀದಿಯಲ್ಲಿ ಅಕ್ಕಿಹಿಟ್ಟು ಹಬೆಯಲ್ಲಿ ಬೇಯುವ ವಾಸನೆ ಬಂತು. ಊರಿನ ಕಡುಬಿನದೇ ವಾಸನೆ. ಕಾಲು ತಾನಾಗಿ ಒಳಗೆ ಹೋಯಿತು.

ಆಂಟಿ ಏನು ಬೇಕೆಂದು ಕೇಳುವವರಲ್ಲ. "ಮೊದಲು ಟೀ. ಆಮೇಲೆ ಮಾತು." ಟೀ ಬಗ್ಗಿಸಿದವರಿಗೆ ಮೇಜಿನ ಮೇಲೆ ಎರಡು ಬೆರಳು ತಟ್ಟಿ ಥ್ಯಾಂಕ್ಸ್ ಹೇಳಬೇಕೆಂದು ಕಲಿಸಿದ್ದು ಅವರೇ. ಆಮೇಲೆ ಅಕ್ಕಿಯ ಸುರುಳಿ, ಒಳಗಿನ ಕೆಂಪು ಕಾಣುವಷ್ಟು ತೆಳುವಾದ ಸಿಗಡಿ ಕಡುಬು. ಈ ದೇಶದಲ್ಲಿ ಹಂದಿ ಸಿಗದೆ ಕೋಳಿಯಲ್ಲೇ ಸುಧಾರಿಸಬೇಕು ಎಂಬುದು ಅವರ ನಿತ್ಯದ ಗೊಣಗು.

ಒಂದು ಚಳಿಗಾಲ ಆಂಟಿಗೆ ಜ್ವರ ಬಂದು ಹೋಯಿತು. ಮರುವಾರ ಸಿಗಡಿ ಸಪ್ಪೆ. ಅದರ ಮುಂದಿನ ವಾರ ಬಾಯಿಗಿಡಲಾಗದಷ್ಟು ಉಪ್ಪು. ಹೇಳಿದೆ. ಆಂಟಿ ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು.

"ನಾಲಿಗೆ ಸತ್ತುಹೋಗಿದೆ, ಸಿಸ್ಟರ್. ಏನೂ ಗೊತ್ತಾಗೋದಿಲ್ಲ. ಅಂಕಲ್‌ಗೆ ಹೇಳಬೇಡ."

"ಯಾಕೆ?"

"ಖಲಾಸ್ ಅಂತ ಬಾಗಿಲು ಹಾಕ್ತಾನೆ. ಆಮೇಲೆ ಊರಲ್ಲಿ, ಸೊಸೆಯ ಮನೇಲಿ ಟಿವಿ ಮುಂದೆ ಕೂತಿರಬೇಕು."

ನಮ್ಮ ಡಾಕ್ಟರಿಗೆ ತೋರಿಸಿದೆ. ರುಚಿ ಮರಳಿದರೆ ಮರಳೀತು, ಕಾಯಬೇಕು ಅಂದರು. ಅಂದಿನಿಂದ ಪ್ರತಿ ಶುಕ್ರವಾರ, ಗಿರಾಕಿಗಳು ಬರುವ ಮೊದಲೇ, ಹೂರಣದ ಒಂದು ಉಂಡೆ ಬೇಯಿಸಿ ಚಮಚದಲ್ಲಿ ನನ್ನ ಬಾಯಿಗೆ ಹಿಡಿಯುತ್ತಿದ್ದರು. "ಚೆನ್ನಾಗಿದೆ" ಅಂದರೆ ಸಿಟ್ಟು. "ಚೆನ್ನಾಗಿದೆ ಅಂತ ಗಿರಾಕಿ ಹೇಳಬೇಕು. ನೀನು ಶುಂಠಿ ಎಷ್ಟು ಅಂತ ಹೇಳು." ರಾತ್ರಿಯಿಡೀ ವಾರ್ಡಿನಲ್ಲಿ ನಿಂತು ಬಂದವಳಿಗೆ ಇದೂ ಒಂದು ಡ್ಯೂಟಿಯೇ. ಒಮ್ಮೊಮ್ಮೆ ಬೇಸರವಾಗುತ್ತಿತ್ತು. ಆದರೂ ಹೋಗುತ್ತಿದ್ದೆ.

ಒಂದು ಗುರುವಾರ ರಾತ್ರಿ, ತಿಂಗಳುಗಟ್ಟಲೆ ನೋಡಿಕೊಂಡಿದ್ದ ಒಬ್ಬ ಹೆಂಗಸು ನನ್ನ ಕೈಹಿಡಿದೇ ತೀರಿಕೊಂಡರು. ಬೆಳಿಗ್ಗೆ ಆಂಟಿ ಚಮಚ ಚಾಚಿದರು. ಬಾಯಿಗೆ ಹಾಕಿಕೊಂಡೆ. ಮರಳು ಅಗಿದಂತಾಯಿತು.

"ಉಪ್ಪು?"

"ಗೊತ್ತಾಗ್ತಿಲ್ಲ ಆಂಟಿ," ಎನ್ನುವಷ್ಟರಲ್ಲಿ ಅಳು ಬಂತು. ನಿಲ್ಲಲೇ ಇಲ್ಲ.

ಆಂಟಿ ಗ್ಯಾಸ್ ಆರಿಸಿ, ಹಿಟ್ಟಿನ ಮೂಟೆಯ ಮೇಲೆ ನನ್ನನ್ನು ಕೂರಿಸಿದರು. ಗಂಜಿ ತಂದು ಒಂದೊಂದೇ ಚಮಚ ಉಣಿಸತೊಡಗಿದರು. "ಇವತ್ತು ನೀನು ರುಚಿ ನೋಡಬೇಡ. ಉಣ್ಣು, ಅಷ್ಟೇ."

ಸದ್ದು ಕೇಳಿ ಅಂಕಲ್ ಒಳಗೆ ಬಂದರು. ನನ್ನನ್ನು ನೋಡಿದರು, ಹೂರಣದ ಬೋಗುಣಿಯನ್ನು ನೋಡಿದರು. ಇನ್ನೊಂದು ಉಂಡೆ ಬೇಯಿಸಿ ಬಾಯಿಗೆ ಹಾಕಿಕೊಂಡು, ಚಿಟಿಕೆ ಉಪ್ಪು ಸೇರಿಸಿ, ಹೆಂಡತಿಗೆ ತಮ್ಮ ಭಾಷೆಯಲ್ಲಿ ಏನೋ ಅಂದರು. ಆಂಟಿಯ ಕೈಯಲ್ಲಿದ್ದ ಚಮಚ ಹಾಗೇ ನಿಂತಿತು.

"ಏನಂತೆ?"

"ನೀನು ಉಪ್ಪು ಜಾಸ್ತಿ ಅಂದ ದಿನದಿಂದಲೇ ಗೊತ್ತಿತ್ತಂತೆ," ಅಂದರು ಆಂಟಿ. "ವಾರವೆಲ್ಲ ನನ್ನ ಬೆನ್ನ ಹಿಂದೆ ಉಪ್ಪು ಸರಿಮಾಡ್ತಿದ್ದನಂತೆ. ನಾನಾಗಿ ಹೇಳಲಿ ಅಂತ ಕಾಯ್ತಿದ್ದನಂತೆ." ಆಮೇಲೆ ಗಂಡನನ್ನು ಬಾಯಿತುಂಬ ಬೈದರು. ಅಂಕಲ್ ತಲೆ ತಗ್ಗಿಸಿ ನಗುತ್ತಿದ್ದರು. ಬಾಗಿಲು ಹಾಕುವ ಮಾತು ಎತ್ತಲಿಲ್ಲ.

ಮುಂದೆ ರುಚಿ ನೋಡುವ ಕೆಲಸ ಅಂಕಲ್‌ಗೆ. ನಾನು ಬರಿಯ ಗಿರಾಕಿಯಾದೆ. ಆಂಟಿಯ ನಾಲಿಗೆ ಮರಳಲಿಲ್ಲ. ಹೋಟೆಲು ಮಾತ್ರ ನಡೆಯಿತು, ಮೂರು ಚಳಿಗಾಲ.

ಹೋದ ವರ್ಷ ಆಂಟಿ ಅಡುಗೆಮನೆಯಲ್ಲೇ ಕುಸಿದುಬಿದ್ದರು. ನಮ್ಮ ಆಸ್ಪತ್ರೆಗೆ ತಂದರು. ಎಚ್ಚರವಾಗಲಿಲ್ಲ. ಅವರು ತೀರಿಕೊಂಡಾಗ ನನ್ನ ಡ್ಯೂಟಿ ಮುಗಿದಿತ್ತು. ಆದರೂ ಬೇರೆಯವರಿಗೆ ಒಪ್ಪಿಸಲು ಮನಸ್ಸಾಗಲಿಲ್ಲ. ನಾನೇ ಮೈ ಒರೆಸಿದೆ, ಕೂದಲು ಬಾಚಿದೆ, ಅಂಕಲ್ ತಂದಿದ್ದ ನೀಲಿ ಅಂಗಿ ತೊಡಿಸಿದೆ. ಎಷ್ಟೋ ಜನರಿಗೆ ಮಾಡಿದ ಕೆಲಸ. ಅವತ್ತು ಗುಂಡಿ ಹಾಕಲು ಬಹಳ ಹೊತ್ತು ಹಿಡಿಯಿತು.

ಹೊರಗೆ ಬೆಂಚಿನ ಮೇಲೆ ಅಂಕಲ್ ಕುಳಿತಿದ್ದರು. ಅಷ್ಟು ವರ್ಷಗಳಲ್ಲಿ ಮೊದಲ ಬಾರಿ ನನ್ನನ್ನೇ ನೋಡಿ ಮಾತಾಡಿದರು.

"ಸಿಸ್ಟರ್, ಏನಾದರೂ ತಿಂದೆಯಾ?"

ಇಲ್ಲವೆಂದೆ. ನಾವಿಬ್ಬರೂ ಕ್ಯಾಂಟೀನಿಗೆ ಹೋಗಿ ಎದುರುಬದುರು ಕುಳಿತೆವು.