ಬಾವುಟವಿಲ್ಲದ ಕಪ್ಪಿಗೆ ಇಮ್ತಿಯಾಝ್ ಕೊಟ್ಟ ಮಾತು

ಕತಾರಿನ ದೋಹಾದ ಇಂಡಸ್ಟ್ರಿಯಲ್ ಏರಿಯಾದ ಪೈಪು ಗೋದಾಮಿನಲ್ಲಿ ಇಪ್ಪತ್ತಾರು ವರ್ಷದಿಂದ ಸ್ಟೋರ್‌ಕೀಪರ್ ಆಗಿರುವ ಉಳ್ಳಾಲದ ಇಮ್ತಿಯಾಝ್‌ಗೆ ಸಿಟ್ಟು ಬರಿಸುವುದು ಬಹಳ ಸುಲಭ. "ನೀವು ಮಲಯಾಳಿಯಾ?" ಎಂದು ಕೇಳಿದರೆ ಸಾಕು. ಕೈಯಲ್ಲಿದ್ದ ಕೆಲಸ ಕೆಳಗಿಟ್ಟು ಪಾಠ ಶುರು ಮಾಡಿಬಿಡುತ್ತಾನೆ. ತಾವು ಬ್ಯಾರಿಗಳು, ಮಂಗಳೂರು ಕಡೆಯ ಕರಾವಳಿಯ ಮುಸ್ಲಿಮರು, ತಮ್ಮದು ಬೇರೆಯೇ ಭಾಷೆ, ಹೊರಗಿನವರ ಕಿವಿಗೆ ಮಲಯಾಳದಂತೆ ಕೇಳಿಸಿದರೆ ಅದು ಕಿವಿಯ ತಪ್ಪು! ಪೈಪು ಕೊಳ್ಳಲು ಬಂದ ಪಾಪದ ಈಜಿಪ್ಟಿನವನೂ ಇದನ್ನೆಲ್ಲ ಕೇಳಿಸಿಕೊಂಡೇ ಹೋಗಬೇಕು.

"ನಿಮಗೊಂದು ದೇಶ ಕೊಟ್ಟಿದ್ರೆ ನಮ್ಮ ಗತಿ ಎಂತ ಆಗ್ತಿತ್ತು ಮಾರಾಯ್ರೆ" ಎಂದು ಹೆಂಡತಿ ಹಸೀನಾ, ಮದೀನತ್ ಖಲೀಫಾ ಬಡಾವಣೆಯ ಮನೆಯಲ್ಲಿ ಮೀನು ಹುರಿಯುತ್ತಾ ನಗುತ್ತಿದ್ದಳು.

ದೇಶ ಸಿಗಲಿಲ್ಲ, ಆದರೆ ಕಪ್ ಬಂತು. ದೋಹಾದಲ್ಲಿ ಫುಟ್‌ಬಾಲ್ ವಿಶ್ವಕಪ್ ಮುಗಿದ ಮಾರನೆಯ ವರ್ಷ ಉಡುಪಿಯ ಕೊಂಕಣಿ ಕ್ರೈಸ್ತ ಥಿಯೋಡೋರ್, ಒಂದು ಕಂಪನಿಯ ಆಫೀಸಿನಲ್ಲಿ ಫೈಲು ನೋಡಿಕೊಳ್ಳುವವನು, ಒಂದು ಸುದ್ದಿ ಓದಿದ. ಫಿಫಾದ ಪಟ್ಟಿಯಲ್ಲಿಲ್ಲದ, ಲೋಕ ಒಪ್ಪದ ನಾಡುಗಳಿಗಾಗಿ ಬೇರೆಯೇ ಒಂದು ವಿಶ್ವಕಪ್ ನಡೆಯುತ್ತದಂತೆ. ನಾವೂ ಯಾಕೆ ಮಾಡಬಾರದು ಎಂದು ಹೊರಟೇಬಿಟ್ಟ. ಕಾರ್ಮಿಕರ ವಸತಿ ಬರ್ವಾ ಅಲ್ ಬರಾಹಾದ ಹತ್ತಿರದ ಮೈದಾನ, ಶುಕ್ರವಾರದ ಸಂಜೆ, ಒಂದೊಂದು ಕಡೆ ಏಳು ಜನ. ತುಳು, ಕೊಂಕಣಿ, ಬ್ಯಾರಿ, ಬಲೂಚ್, ಬರ್ಮಾ ತನ್ನವರೆಂದು ಒಪ್ಪದ ರೋಹಿಂಗ್ಯಾ, ಹೀಗೆ ಎಂಟು ತಂಡ. ಬಾವುಟ ತರಬಾರದು, ರಾಜಕೀಯ ಮಾತಾಡಬಾರದು, ಚೆಂಡು ಒದ್ದು ಮನೆಗೆ ಹೋಗಬೇಕು.

ಪಾಸ್‌ಪೋರ್ಟ್ ಮಾತ್ರ ಯಾರದ್ದೂ ನೋಡುವಂತಿಲ್ಲ. ನೋಡಿ ಪ್ರಯೋಜನವೂ ಇಲ್ಲ. ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಇದ್ದದ್ದು ಬೇರೆ ಯಾರದ್ದೋ ದೇಶದ ಹೆಸರು. ಅದರ ಬದಲಿಗೆ ತಂಡಕ್ಕೊಬ್ಬ ಹಿರಿಯ. ಆಟಕ್ಕೆ ಮುಂಚೆ ಅವನು ಮೈದಾನದ ನಡುವೆ ನಿಂತು ಒಬ್ಬೊಬ್ಬ ಆಟಗಾರನ ಕೈಹಿಡಿದು "ಇವನು ನಮ್ಮವನು" ಎಂದು ತನ್ನ ಭಾಷೆಯಲ್ಲಿ ಹೇಳಬೇಕು. ಅಷ್ಟಾದರೆ ಮುಗಿಯಿತು, ಮತ್ತೆ ಪ್ರಶ್ನೆ ಇಲ್ಲ. ಬ್ಯಾರಿ ತಂಡದ ಹಿರಿಯ ಯಾರೆಂದು ಬೇರೆ ಹೇಳಬೇಕೇ?

ಮೊದಲೆರಡು ವರ್ಷ ಬ್ಯಾರಿ ತಂಡ ಮೊದಲ ಸುತ್ತಿನಲ್ಲೇ ಮಣ್ಣು ಮುಕ್ಕಿತು. ಮೂರನೆಯ ವರ್ಷ ಹೇಗೋ ಸೆಮಿಫೈನಲ್ ತಲುಪಿತು ಅನ್ನುವಾಗ ಗೋಲು ಹೊಡೆಯುವ ಒಬ್ಬನೇ ಒಬ್ಬ ಸರ್ಫರಾಝ್‌ನ ಮಂಡಿ ಉಳುಕಿತು. ಇಮ್ತಿಯಾಝ್‌ಗೆ ನಿದ್ದೆ ಹತ್ತಲಿಲ್ಲ. ಒಮ್ಮೆಯಾದರೂ ಒಂದು ಕಪ್ಪಿನ ಮೇಲೆ "ಬ್ಯಾರಿ" ಎಂಬ ಅಕ್ಷರ ನೋಡಬೇಕು ಎಂಬ ಆಸೆ ಅವನ ತಲೆಗೆ ಏರಿತ್ತು. ಆಗ ಮಾಡಿದ ನೋಡಿ, ಯಾರೂ ಮಾಡದ ಕೆಲಸ. ಪಕ್ಕದ ರಸ್ತೆಯ ಟಯರ್ ಅಂಗಡಿಯಲ್ಲಿದ್ದ ಶಿಹಾಬ್ ಎಂಬ ಮಲಪ್ಪುರಂನ ಮಲಯಾಳಿಯನ್ನು ಕರೆತಂದ. ಊರಿನಲ್ಲಿ ದೊಡ್ಡ ದೊಡ್ಡ ಪಂದ್ಯ ಆಡಿದ ಕಾಲು ಅದು. ಅವನು ಬಾಯಿಬಿಟ್ಟರೂ ಹೊರಗಿನವರಿಗೆ ವ್ಯತ್ಯಾಸ ತಿಳಿಯದು.

"ಇಮ್ತಿಯಾಝಾಕ, ಇದು ಬೇಡ" ಎಂದ ಸರ್ಫರಾಝ್. "ಮಲಯಾಳಿ ಬೇರೆ, ನಾವು ಬೇರೆ ಅಂತ ಜನ್ಮ ಇಡೀ ಜಗಳ ಮಾಡಿದ್ದು ನೀವೇ ಅಲ್ವಾ?"

"ಒಂದು ಸಲಕ್ಕೆ. ನೀನು ಬಾಯಿ ಮುಚ್ಚು" ಎಂದ ಇಮ್ತಿಯಾಝ್.

ಸೆಮಿಫೈನಲ್ ರೋಹಿಂಗ್ಯಾ ತಂಡದ ಎದುರು. ಇಮ್ತಿಯಾಝ್ ಆರು ಜನರ ಕೈಹಿಡಿದು ಹೇಳಿದ, ಏಳನೆಯವನಾಗಿ ಶಿಹಾಬ್‌ನ ಕೈಹಿಡಿದೂ ಹೇಳಿದ. ನಾಲಿಗೆ ತಡವರಿಸಲಿಲ್ಲ. ಶಿಹಾಬ್‌ನ ಒಂದೇ ಗೋಲಿನಿಂದ ಬ್ಯಾರಿ ತಂಡ ಗೆದ್ದಿತು. ಹುಡುಗರು ಇಮ್ತಿಯಾಝ್‌ನನ್ನು ಎತ್ತಿ ಕುಣಿಸಿದರು.

ಕೆಳಗೆ ಇಳಿಸಿದ ಮೇಲೆ ಥಿಯೋಡೋರ್ ಹತ್ತಿರ ಬಂದ. "ಪಾಪ ಅವರು, ಅಲ್ವಾ? ಆ ಗೆರೆ ಹತ್ರ ಕೂತಿದ್ದಾನಲ್ಲ ಯೂನುಸ್, ಅವರ ಬೆಸ್ಟ್ ಪ್ಲೇಯರ್ ಅವ. ಹಿರಿಯ ದಿಲ್ ಮೊಹಮ್ಮದ್‌ಗೆ ಸ್ವಂತ ತಂಗಿ ಮಗ. ಆದ್ರೆ ಅಪ್ಪ ಬಂಗಾಳಿ. ನಾನೇ ಹೇಳಿದೆ, ತಾಯಿ ನಿಮ್ಮವಳಲ್ವಾ, ಆಡಿಸಿ ಅಂತ. ಇವನು ನಮ್ಮವನು ಅಂದ್ರೆ ಮಾತು ಪೂರ್ತಿ ನಿಜ ಆಗೋದಿಲ್ಲ ಅಂತ ಹೇಳಿ ಅವನ ಕೈ ಹಿಡೀಲೇ ಇಲ್ಲ, ಮಾರಾಯ."

ಇಮ್ತಿಯಾಝ್ ಗೆರೆಯತ್ತ ನೋಡಿದ. ಯೂನುಸ್ ಬೂಟಿನ ಲೇಸು ಬಿಚ್ಚುತ್ತಿದ್ದ. ಅವನ ಪಕ್ಕದಲ್ಲಿ ಕಟ್ಟಡ ಕೆಲಸದ ನೀಲಿ ಅಂಗಿಯಲ್ಲೇ ನಿಂತಿದ್ದ ನರೆಗಡ್ಡದ ದಿಲ್ ಮೊಹಮ್ಮದ್ ಇತ್ತ ತಿರುಗಿ ಸಲಾಂ ಮಾಡಿದ. ಇಮ್ತಿಯಾಝ್ ನೋಡದವನಂತೆ ಫೋನು ತೆಗೆದ.

ಅಲ್ಲಿಂದ ಶುರುವಾಯಿತು ಅವಸ್ಥೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಯಾರು ಫುಟ್‌ಬಾಲ್ ಎಂದರೂ ಅವನ ಮುಖ ಕಪ್ಪಾಗುತ್ತಿತ್ತು. ಉಳ್ಳಾಲದಿಂದ ತಾಯಿ ಆಯಿಷಮ್ಮ ಫೋನು ಮಾಡಿ "ನಮ್ಮ ಹೆಸರು ಉಳಿಸಿದೆ ಮಗನೇ" ಎಂದಾಗ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ನಿಂತ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಚಿಕೆ ಅಂದರೆ ಇಷ್ಟು ಭಾರ ಇರುತ್ತದೆಂದು ನಲವತ್ತೊಂಬತ್ತು ವರ್ಷ ಅವನಿಗೆ ಗೊತ್ತೇ ಇರಲಿಲ್ಲ.

ಮಂಗಳವಾರ ಡ್ಯೂಟಿ ಮುಗಿಸಿ ನೇರ ಬರ್ವಾ ಅಲ್ ಬರಾಹಾಕ್ಕೆ ಹೋದ. ದಿಲ್ ಮೊಹಮ್ಮದ್ ಆಗಷ್ಟೇ ಕಂಪನಿ ಬಸ್ಸಿಂದ ಇಳಿದು ಕೈಕಾಲು ತೊಳೆದಿದ್ದ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಂಚದ ಮೇಲೆ ಜಾಗ ಮಾಡಿ ಕೂರಿಸಿ ಚಹಾ ಕೊಟ್ಟ. ಇಮ್ತಿಯಾಝ್ ಚಹಾ ಮುಟ್ಟದೆ ಹಿಂದಿಯಲ್ಲಿ ಒಂದೇ ಉಸಿರಿಗೆ ಹೇಳಿದ.

"ಭಾಯ್, ಶಿಹಾಬ್ ನಮ್ಮವನಲ್ಲ. ಮಲಯಾಳಿ. ನಾನು ಸುಳ್ಳು ಹೇಳಿದೆ."

"ಗೊತ್ತು" ಎಂದ ದಿಲ್ ಮೊಹಮ್ಮದ್. "ನಮ್ಮ ಬಸ್ಸಿಗೆ ಟಯರ್ ಹಾಕುವವನು ಅವನೇ. ಮಲಪ್ಪುರಂನವನು ಅಂತ ನನಗೆ ಅವನೇ ಹೇಳಿದ್ದ."

"ಮತ್ತೆ ಅಲ್ಲೇ ಯಾಕೆ ಹೇಳಲಿಲ್ಲ?"

ಮುದುಕ ಚಹಾದ ಲೋಟವನ್ನು ಇಮ್ತಿಯಾಝ್‌ನತ್ತ ಸರಿಸಿದ. "ಹೇಳಬಹುದಿತ್ತು. ಹಿರಿಯನ ಮಾತು ಒಮ್ಮೆ ಸುಳ್ಳು ಅಂತಾದರೆ ಮುಂದಿನ ಶುಕ್ರವಾರದಿಂದ ಕಾಗದ ಕೇಳುತ್ತಾರೆ. ನಿಮಗೇನು, ಊರಿಗೆ ಫೋನು ಮಾಡಿದರೆ ಕಾಗದ ಬರುತ್ತದೆ. ನನ್ನ ಹುಡುಗರು ತಾವು ಯಾರು ಅಂತ ಯಾವ ಕಾಗದ ತೋರಿಸಬೇಕು? ವಾರಕ್ಕೊಂದು ದಿನ ಆ ಮೈದಾನದಲ್ಲಿ ಮಾತ್ರ ಅವರನ್ನು ರೋಹಿಂಗ್ಯಾ ಅಂತ ಅವರ ಹೆಸರಿನಿಂದ ಕರೆಯುತ್ತಾರೆ. ಒಂದು ಸೋಲು ತಡೆದುಕೊಳ್ಳಬಹುದು."

"ನಾನು ಥಿಯೋಡೋರ್ ಹತ್ತಿರ ಹೋಗಿ ಎಲ್ಲ ಒಪ್ಪಿಕೊಳ್ಳುತ್ತೇನೆ."

"ಬೇಡ!" ದಿಲ್ ಮೊಹಮ್ಮದ್‌ನ ದನಿ ಮೊದಲ ಸಲ ಗಡುಸಾಯಿತು. "ಒಪ್ಪಿಕೊಂಡು ನೀನು ಹಗುರ ಆಗುತ್ತೀಯ. ಬಾಗಿಲು ಮುಚ್ಚುವುದು ನಮಗೆ. ಫೈನಲ್‌ಗೂ ಅವನನ್ನೇ ಆಡಿಸು. ಒಮ್ಮೆಲೇ ಬಿಟ್ಟರೆ ಜನ ಕೇಳುತ್ತಾರೆ. ಖಲಾಸ್. ಚಹಾ ಕುಡಿ."

ಇಮ್ತಿಯಾಝ್ ಕುಡಿದ. ತಪ್ಪೊಪ್ಪಿಕೊಳ್ಳಲು ಬಂದವನಿಗೆ ಆ ದಾರಿಯೂ ಇಲ್ಲ ಎಂದಾಗ ಮನುಷ್ಯ ಎಲ್ಲಿಗೆ ಹೋಗಬೇಕು ಹೇಳಿ.

ಶುಕ್ರವಾರ ಬಲೂಚ್ ತಂಡದೊಂದಿಗೆ ಫೈನಲ್. ಮೈದಾನದ ಸುತ್ತ ನಾನೂರು ಜನ ಸೇರಿದ್ದರು. ಹಸೀನಾ ಕೂಡ ಹೊಸ ಬುರ್ಖಾ ಹಾಕಿ ನೆರೆಮನೆಯ ರೋಸಲಿನ್ ಜೊತೆ ಬಂದಿದ್ದಳು. ಇಮ್ತಿಯಾಝ್ ಆರು ಜನರ ಕೈಹಿಡಿದು ಹೇಳಿದ. ಶಿಹಾಬ್‌ನ ಕೈಹಿಡಿದ. ಮಾತು ಹೊರಡಲಿಲ್ಲ. ಗಂಟಲು ಸರಿಮಾಡಿಕೊಂಡ, ಆಗಲೂ ಬರಲಿಲ್ಲ. ಜನ ಮುಖ ಮುಖ ನೋಡಿಕೊಂಡರು. ಬಲೂಚ್ ತಂಡದ ಹಿರಿಯ "ಏನು ವಿಷಯ?" ಎಂದು ಒಂದು ಹೆಜ್ಜೆ ಮುಂದೆ ಬಂದ. ರೆಫರಿಯಾಗಿದ್ದ ಥಿಯೋಡೋರ್ ವಿಸಿಲು ಬಾಯಿಂದ ತೆಗೆದ.

ಅಷ್ಟರಲ್ಲಿ ಜನರ ನಡುವಿನಿಂದ ದಿಲ್ ಮೊಹಮ್ಮದ್ ಗೆರೆ ದಾಟಿ ಬಂದ. ಅವಸರವಿಲ್ಲದೆ ನಡೆದು ಬಂದು ಇಮ್ತಿಯಾಝ್‌ನ ಮತ್ತು ಶಿಹಾಬ್‌ನ ಕೈಗಳ ಮೇಲೆ ತನ್ನ ಒರಟು ಕೈ ಇಟ್ಟ.

"ಇವರಿಗೆ ಸಂತೋಷಕ್ಕೆ ಗಂಟಲು ಕಟ್ಟಿದೆ" ಎಂದ, ಎಲ್ಲರಿಗೂ ಕೇಳುವಂತೆ. "ಈ ಹುಡುಗನನ್ನು ನಾನು ಬಲ್ಲೆ. ಬ್ಯಾರಿಯೇ. ನನ್ನ ಮಾತು ತೆಗೆದುಕೊಳ್ಳಿ."

ದಿಲ್ ಮೊಹಮ್ಮದ್‌ನ ಮಾತು ಎಂದ ಮೇಲೆ ಯಾರು ಎರಡು ಮಾತಾಡುತ್ತಾರೆ? ಜನ ಚಪ್ಪಾಳೆ ತಟ್ಟಿದರು, ಹಸೀನಾ ಎಲ್ಲರಿಗಿಂತ ಜೋರಾಗಿ. ಗೆರೆಯ ಆಚೆ ಯೂನುಸ್ ಮಾತ್ರ ತಟ್ಟಲಿಲ್ಲ. ಪೂರ್ತಿ ನಿಜವಲ್ಲ ಎಂದು ತನ್ನ ಕೈಹಿಡಿಯದ ಸೋದರಮಾವ ಈಗ ಯಾರದ್ದೋ ಕೈಹಿಡಿದು ನಿಂತದ್ದನ್ನು ಅವನು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ದಿಲ್ ಮೊಹಮ್ಮದ್ ಅವನತ್ತ ಹೋಗದೆ ಇನ್ನೊಂದು ಕಡೆಯಿಂದ ಮೈದಾನದ ಹೊರಗೆ ನಡೆದ. ಆ ಮುದುಕನ ತಲೆ ಬಗ್ಗಿದ್ದನ್ನು ಇಮ್ತಿಯಾಝ್ ಅಂದೇ ಮೊದಲು ನೋಡಿದ್ದು.