ಎಂಟೋ ಎಂಬತ್ತೋ

ನಗರಸಭೆಯಲ್ಲಿ ಎಲ್ಲರೂ ಅವಳನ್ನು ‘ಬರೆಯೋ ಅಕ್ಕ’ ಎಂದೇ ಕರೆಯುತ್ತಿದ್ದರು. ಸಭಾಂಗಣದ ಮೂಲೆಮೇಜಿನಲ್ಲಿ ಕೂತು ಸದಸ್ಯರ ಮಾತನ್ನೆಲ್ಲ ಶಾರ್ಟ್‌ಹ್ಯಾಂಡ್‌ನಲ್ಲಿ ಬರೆದುಕೊಳ್ಳುವುದು, ಆಮೇಲೆ ಟೈಪ್ ಮಾಡಿ ನಡಾವಳಿ ಪುಸ್ತಕಕ್ಕೆ ಸೇರಿಸುವುದು ಇಪ್ಪತ್ತೇಳು ವರ್ಷಗಳಿಂದ ಅವಳ ಕೆಲಸ. ಕೆಲವು ಮಾತಿಗೆ ಮೈಯೆಲ್ಲ ಉರಿಯುತ್ತಿತ್ತು, ಕೆಲವಕ್ಕೆ ನಗು ಉಕ್ಕಿ ಬರುತ್ತಿತ್ತು. ಮುಖ ಮಾತ್ರ ಕದಲುತ್ತಿರಲಿಲ್ಲ. “ಅಲ್ಲಿ ನಂಗಿರೋದು ಕಿವಿ, ಕೈ ಅಷ್ಟೇ. ಬಾಯಿ ಬರೋದು ಮನೆಗೆ ಬಂದ್ಮೇಲೆ” ಎಂದು ತಂಗಿಗೆ ಹೇಳುತ್ತಿದ್ದಳು. ತಂಗಿ ಊರಿನ ದೊಡ್ಡಾಸ್ಪತ್ರೆಯಲ್ಲಿ ನರ್ಸು. ಇಬ್ಬರದೂ ಒಂದೇ ಮನೆ.

ಒಂದು ಸಭೆಯಲ್ಲಿ ಗುಡುಗು ಸದಸ್ಯರು ಎದ್ದರು. ಮೈಕೇ ಬೇಡದ ಗಂಟಲಿನಿಂದ ಬಂದ ಹೆಸರು ಅದು. “ಪರದೇಶದಿಂದ ಬಂದೋರೇ ಆಸ್ಪತ್ರೆ ತುಂಬ್ಕೊಂಡಿದ್ದಾರೆ. ನೂರಕ್ಕೆ ಎಂಬತ್ತು ಹಾಸಿಗೆ ಅವರದ್ದೇ! ನಮ್ಮೋರು ನೆಲದ ಮೇಲೆ ಮಲಗ್ಬೇಕಾ?” ಎಂದು ಗುಡುಗಿದರು. ಚಪ್ಪಾಳೆಯೋ ಚಪ್ಪಾಳೆ. ಅವಳು ಬರೆದುಕೊಂಡಳು.

ಸಂಜೆ ತಂಗಿ ಕೇಳಿ ಬಿದ್ದು ಬಿದ್ದು ನಕ್ಕಳು. “ಎಂಬತ್ತಾ? ಎಂಟು ಅಕ್ಕಾ, ಎಂಟು! ಹೋದ ವಾರ ವಾರ್ಡು ವಾರ್ಡು ತಿರುಗಿ ಎಣಿಸಿದ್ದೇ ನಾನು.”

ಎರಡು ದಿನಕ್ಕೆ ಆಸ್ಪತ್ರೆಯವರೇ ಆ ಅಂಕಿಯನ್ನು ಪತ್ರಿಕೆಗೆ ಕೊಟ್ಟರು. ಅಂದೇ ಬೆಳಿಗ್ಗೆ ಎದುರು ಪಕ್ಷದ ಸದಸ್ಯೆ, ಹಿಂದೆ ಟೀಚರ್ ಆಗಿದ್ದವರು, ಅವಳ ಮೇಜಿನ ಹತ್ತಿರ ಬಂದರು. ಅವಳಿಗೆ ಅವರೆಂದರೆ ಬಹಳ ಇಷ್ಟ.

“ಅಕ್ಕಾ, ‘ಅವರನ್ನೆಲ್ಲ ಒದ್ದು ಓಡಿಸಿ’ ಅಂತಾನೂ ಅಂದ್ರಲ್ವಾ ಅವರು? ಅದನ್ನೂ ಸೇರಿಸಿಬಿಡಿ.”

“ಇಲ್ಲ ಟೀಚರ್, ಹಾಗೆ ಅನ್ಲಿಲ್ಲ.”

“ಮನಸ್ಸಲ್ಲಿದ್ದದ್ದು ಅದೇ ತಾನೇ?”

“ಮನಸ್ಸಲ್ಲಿರೋದು ನನ್ನ ಕಿವಿಗೆ ಕೇಳ್ಸಲ್ಲ.” ಟೀಚರ್ ಮುಖ ದುಮ್ಮಿಸಿಕೊಂಡು ಹೋದರು.

ಮಧ್ಯಾಹ್ನ ಗುಡುಗು ಸದಸ್ಯರೇ ಬಂದರು. ಬೆಣ್ಣೆಯಂಥ ದನಿ. “ನಾನು ಅಂದಿದ್ದು ಎಂಟು ಅಕ್ಕಾ. ಗಲಾಟೇಲಿ ನಿಮಗೆ ಎಂಬತ್ತು ಅಂತ ಕೇಳಿರ್ಬೇಕು. ತಿದ್ದಿಬಿಡಿ.”

ಅವಳು ನೋಟ್‌ಬುಕ್ ಬಿಡಿಸಿ ಆ ಗೆರೆಯನ್ನು ತೋರಿಸಿದಳು. ಅವರು ಕಣ್ಣು ಕಿರಿದು ಮಾಡಿ ನೋಡಿದರು. “ಈ ಕೋಳಿಕಾಲು ನಿಮ್ಮನ್ನ ಬಿಟ್ರೆ ಯಾರಿಗೂ ಓದೋಕೆ ಬರಲ್ವಲ್ಲ!”

“ಅದಕ್ಕೇ ಸಾರ್, ನಾನು ತಪ್ಪು ಓದಬಾರ್ದು.”

ಅವರು ನೋಟ್‌ಬುಕ್ಕನ್ನು ಅತ್ತ ತಳ್ಳಿದರು. ಅವಳೇ ಮೆತ್ತಗೆ ಹೇಳಿದಳು: “ಮುಂದಿನ ಸಭೇಲಿ ತಪ್ಪಾಯ್ತು ಅನ್ನಿ. ಅದನ್ನೂ ಒಂದಕ್ಷರ ಬಿಡದೆ ಬರೀತೀನಿ. ಇದರ ಪಕ್ಕದಲ್ಲೇ ಇರುತ್ತೆ.”

ಅವರು ಅನ್ನುತ್ತಾರೆಂದು ಅವಳೇನೂ ನಂಬಿರಲಿಲ್ಲ. ಆದರೆ ಮುಂದಿನ ಸಭೆಯಲ್ಲಿ ಅವರು ಎದ್ದರು, ಕೆಮ್ಮಿದರು, ಮೊದಲ ಸಲ ಮೈಕ್ ಹತ್ತಿರಕ್ಕೆ ಎಳೆದುಕೊಂಡರು. “ಆಸ್ಪತ್ರೆ ಬಗ್ಗೆ ನಾನು ಹೇಳಿದ ಅಂಕಿ ತಪ್ಪು. ವಿಚಾರಿಸದೆ ಹೇಳಿದೆ. ಹಾಸಿಗೆ ಸಾಲದಿರೋದು ನಾವು ಹೊಸ ವಾರ್ಡು ಕಟ್ಟದೇ ಇದ್ದದ್ದಕ್ಕೆ.” ಚಪ್ಪಾಳೆ ಬೀಳಲಿಲ್ಲ. ಟೀಚರ್ ಮಾತ್ರ ಮೇಜು ತಟ್ಟಿದರು. ಹೊರಡುವಾಗ ಅವಳ ಮೇಜಿನ ಬಳಿ ನಿಂತು, “ಅವತ್ತು ನಾನೂ ದುಡುಕಿದೆ ಅಕ್ಕಾ” ಎಂದರು.

ಮನೆಯಲ್ಲಿ ತಂಗಿ ಕೇಳಿದಳು, “ಹಾಗಾದ್ರೆ ಆ ಗುಡುಗು ಒಳ್ಳೆಯವರೇ ಅನ್ನು?”

“ಅದು ನಂಗೊತ್ತಿಲ್ಲ. ಇವತ್ತು ನಿಜ ಹೇಳಿದ್ರು” ಎಂದಳು ಅಕ್ಕ, ತಟ್ಟೆಗೆ ಇನ್ನೊಂದಿಷ್ಟು ಅನ್ನ ಬಡಿಸಿಕೊಳ್ಳುತ್ತಾ.